ಏಳು ಜನ ಹೆಣ್ಣುಮಕ್ಕಳು, ಬ್ಲೌಸ್ ಅಳತೆ ಮತ್ತು ಒಂದು ಮೆಸೇಜ್ ಆಪ್: ಯಾವುದು ಹಾಕಲಿ?

ಚೌಕಿಪೇಟೆ ಟೈಲರಮ್ಮ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ಚೌಕಿಪೇಟೆ ಹತ್ತಿರದ ಒಂದು ಓಣಿಯಲ್ಲಿ ನಾನು ಲೇಡೀಸ್ ಟೈಲರಿಂಗ್ ಅಂಗಡಿ ಇಟ್ಟು 19 ವರ್ಷ ಆಯಿತು. ಕಟಿಂಗ್ ಎಲ್ಲ ನನ್ನದೇ. ಹೊಲಿಗೆ, ಹೆಮ್ಮಿಂಗ್, ಫಾಲು, ಸೀರೆ ಕುಚ್ಚು, ಆರಿ ವರ್ಕ್ ಇವನ್ನೆಲ್ಲ ಮನೆಗೆ ಒಯ್ದು ಮಾಡಿಕೊಡುವ ಏಳು ಜನ ಇದ್ದಾರೆ. ನಿಟುವಳ್ಳಿಯಲ್ಲಿ ಇಬ್ಬರು, ಭಾಷಾನಗರದಲ್ಲಿ ಒಬ್ಬರು, ಆವರಗೆರೆಯಲ್ಲಿ ಮೂವರು. ಇನ್ನೊಬ್ಬರು ಹರಿಹರದಿಂದ ಬಸ್ಸಿನಲ್ಲಿ ಬಂದು ಚೀಲ ತುಂಬಿಕೊಂಡು ಹೋಗುತ್ತಾರೆ. ಯಾವ ಬ್ಲೌಸಿಗೆ ಪೈಪಿಂಗ್, ಯಾವುದಕ್ಕೆ ಡೋರಿ, ಹಿಂದಿನ ಕತ್ತು ಎಷ್ಟು ಇಂಚು ಇಳಿಸಬೇಕು, ಎಲ್ಲ ಮಾತೂ ಫೋನಿನ ಗ್ರೂಪಿನಲ್ಲೇ ನಡೆಯುತ್ತಿತ್ತು. ಅಳತೆ ಪುಸ್ತಕದ ಹಾಳೆಯ ಫೋಟೋ ತೆಗೆದು ಹಾಕಿಬಿಡುತ್ತಿದ್ದೆ. ಟ್ರಯಲ್‌ಗೆ ಬಂದ ಗಿರಾಕಿ ತೊಟ್ಟುಕೊಂಡು ನಿಂತಾಗ ಎಲ್ಲಿ ಬಿಗಿ, ಎಲ್ಲಿ ಸಡಿಲ ಅಂತ ತೋರಿಸೋಕೆ ಅದರ ಫೋಟೋನೂ.

ತಪ್ಪು ಮಾಡಿದ್ದು ನಾನೇ. ಮದುವೆ ಸೀಸನ್ ಗಡಿಬಿಡಿಯಲ್ಲಿ, ರೆಡಿಯಾದ ಪೀಸ್ ನೋಡಿಕೊಳ್ಳಲಿ ಅಂತ ನಾಲ್ಕೈದು ಗಿರಾಕಿಗಳನ್ನೂ ಅದೇ ಗ್ರೂಪಿಗೆ ಸೇರಿಸಿದೆ. ಗ್ರೂಪಿನಲ್ಲಿ ಇದ್ದವರಿಗೆಲ್ಲ ಎಲ್ಲರ ನಂಬರ್ ಕಾಣುತ್ತೆ ಅಲ್ವಾ, ಅದು ನನ್ನ ತಲೆಗೆ ಹೊಳೆಯಲೇ ಇಲ್ಲ. ಹದಿನೈದು ದಿನಕ್ಕೆ ನಿಟುವಳ್ಳಿಯ ಚಿಕ್ಕ ಹುಡುಗಿಗೆ ಯಾರೋ ಗಂಡಸು ರಾತ್ರಿ ಹನ್ನೊಂದಕ್ಕೆ 'ಹಾಯ್', 'ಊಟ ಆಯ್ತಾ' ಶುರು ಮಾಡಿದ. ಯಾರೋ ಗಿರಾಕಿ ಮನೆಯ ಹುಡುಗನಂತೆ. ಅವಳ ಗಂಡ ಅಂಗಡಿಗೇ ಬಂದು ನಿಂತ. ಕೂಗಾಡಲಿಲ್ಲ, ಸುಮ್ನೆ ನಿಂತಿದ್ದ. ಕೂಗಾಡಿದ್ದರೇ ಚೆನ್ನಾಗಿತ್ತು.

ಆಗ ಅಕ್ಕನ ಮಗ ಬಂದ. ಬಿ.ಇ. ಓದುತ್ತಾನೆ. 'ಚಿಕ್ಕಮ್ಮ, ಯಾವ ಕಂಪನಿಗೂ ಸೇರದ ಆಪ್ ಇದೆ, ನನ್ನ ಫ್ರೆಂಡ್ ಒಬ್ಬ ಸ್ವಂತ ಸರ್ವರ್, ಅಂದ್ರೆ ಮೆಸೇಜ್ ಹಾದುಹೋಗೋ ಕಂಪ್ಯೂಟರ್, ಇಟ್ಟಿದ್ದಾನೆ' ಅಂದ. ಬಟನ್ ಫೋನಿನ ಒಬ್ಬರನ್ನು ಬಿಟ್ಟು ಉಳಿದ ಆರು ಜನರ ಫೋನಿಗೆ ಅವನೇ ಹಾಕಿಕೊಟ್ಟ. ನಾಲ್ಕು ತಿಂಗಳು ಬಹಳ ಚೆನ್ನಾಗಿ ನಡೆಯಿತು. ಆಮೇಲೆ ಆ ಫ್ರೆಂಡಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಸರ್ವರ್ ಬಾಡಿಗೆ ಕಟ್ಟೋದು ಬಿಟ್ಟ. ಒಂದು ಸೋಮವಾರ ಬೆಳಿಗ್ಗೆ ಆಪ್ ತೆಗೆದರೆ ಸುತ್ತುತ್ತಲೇ ಇದೆ. 23 ಬ್ಲೌಸಿನ ಅಳತೆ ಅದರಲ್ಲಿತ್ತು. ಪುಣ್ಯಕ್ಕೆ ಪುಸ್ತಕ ಇತ್ತು.

ಈಗ ನನಗೆ ಬೇಕಾಗಿರೋದು ಇಷ್ಟು. ಹೆಣ್ಣುಮಕ್ಕಳ ನಂಬರ್ ಯಾರಿಗೂ ಕಾಣಬಾರದು. ಫೋಟೋ ನಮ್ಮ ಎಂಟು ಜನ ಬಿಟ್ಟು ಯಾರೂ ನೋಡಬಾರದು, ಆಪ್ ನಡೆಸುವವರೂ ಸೇರಿ. 2 ಜಿಬಿ ರ‍್ಯಾಮ್‌ನ ಹಳೇ ಫೋನಿನಲ್ಲಿ ಓಡಬೇಕು. ಇಬ್ಬರಿಗೆ ಓದೋಕೆ ಅಷ್ಟಾಗಿ ಬರಲ್ಲ, ಹಾಗಾಗಿ ಧ್ವನಿ ಕಳಿಸೋಕೆ ಆಗಬೇಕು. ಮತ್ತೆ ಯಾರಿಗೋ ಕೆಲಸ ಸಿಕ್ಕಿತು ಅಂತ ನನ್ನ ಅಂಗಡಿ ನಿಲ್ಲಬಾರದು.

ಬೆಣ್ಣೆ ಖಾಲಿ, ಬೆಂಗಳೂರು (ಊರು ದಾವಣಗೆರೆ)

ಅಕ್ಕಾ, ಜಾಸ್ತಿ ತಲೆ ಕೆಡಿಸ್ಕೋಬೇಡಿ. ಸಿಗ್ನಲ್ ಅನ್ನೋ ಮೆಸೇಜ್ ಆಪ್ ಹಾಕಿ ಮುಗಿಸಿ.

ಲಾಭಕ್ಕಾಗಿ ನಡೆಯೋ ಕಂಪನಿ ಅದರ ಹಿಂದೆ ಇಲ್ಲ, ಒಂದು ಫೌಂಡೇಶನ್ ನಡೆಸುತ್ತೆ. ಜಾಹೀರಾತು ಇಲ್ಲ. ಮೆಸೇಜು, ಫೋಟೋ, ಧ್ವನಿ, ಕರೆ ಎಲ್ಲ ಕಳಿಸುವವರ ಫೋನಿನಲ್ಲೇ ಬೀಗ ಬಿದ್ದು, ಪಡೆಯುವವರ ಫೋನಿನಲ್ಲೇ ತೆರೆಯುತ್ತೆ. ನಡುವೆ ಇರೋ ಸರ್ವರ್‌ಗೆ ಒಳಗಿರೋದು ಕಾಣಲ್ಲ. ಖಾತೆ ತೆರೆಯೋಕೆ ಫೋನ್ ನಂಬರ್ ಬೇಕೇ ಬೇಕು. ಆದರೆ 2024ರಿಂದ ಯೂಸರ್‌ನೇಮ್ ಬಂದಿದೆ, ನಿಮ್ಮ ನಂಬರ್ ಮೊದಲೇ ಇಟ್ಟುಕೊಂಡಿಲ್ಲದವರಿಗೆ ಅದು ಕಾಣಲ್ಲ. ನಿಮ್ಮ ಮುಖ್ಯ ತಕರಾರು ಅಲ್ಲಿಗೇ ಮುಗೀತು.

ವಾಟ್ಸಾಪ್ ಕೂಡ 2016ರಿಂದ ಸಿಗ್ನಲ್‌ನವರ ಬೀಗದ ಪದ್ಧತಿಯನ್ನೇ ಬಳಸುತ್ತೆ. ಒಳಗಿನ ಮಾತು ಅವರಿಗೂ ಕಾಣಲ್ಲ. ಆದರೆ ಯಾರು ಯಾರ ಜೊತೆ, ಯಾವಾಗ, ಎಷ್ಟು ಸಲ ಮಾತಾಡಿದರು ಅನ್ನೋ ಲೆಕ್ಕ ಅವರಿಗೆ ಸಿಗುತ್ತೆ. ಟೆಲಿಗ್ರಾಂ ಸೇಫ್ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದರಲ್ಲಿ ಸೀಕ್ರೆಟ್ ಚಾಟ್ ಅಂತ ಬೇರೆಯಾಗಿ ತೆರೆದರೆ ಮಾತ್ರ ಆ ಥರದ ಬೀಗ, ಅದೂ ಇಬ್ಬರ ನಡುವೆ ಮಾತ್ರ. ಗ್ರೂಪಿಗೆ ಇಲ್ಲ.

ಕೋಟೆ ಕಲ್ಲು, ಚಿತ್ರದುರ್ಗ

ತಮ್ಮ ಹೇಳಿದ್ದು ಸರಿ, ಅರ್ಧ ಮಾತ್ರ. ಸಿಗ್ನಲ್‌ನ ಬೀಗ ಗಟ್ಟಿ. ಆದರೆ ಸರ್ವರ್ ಎಲ್ಲ ಒಬ್ಬರದ್ದೇ. 2025ರ ಅಕ್ಟೋಬರ್ 20ರಂದು ಅಮೆಜಾನ್ ಕ್ಲೌಡ್ ಕೆಟ್ಟಾಗ ಸಿಗ್ನಲ್ ಕೂಡ ತಡವರಿಸಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್ ಒಟ್ಟಿಗೇ ಆರು ಗಂಟೆ ಹತ್ತಿರ ಮಲಗಿದ್ದು ನೆನಪಿರಬೇಕು. ಒಂದೇ ಕಡೆ ಎಲ್ಲ ಇಟ್ಟರೆ ಹೀಗೇ.

ನಾನು ಎಕ್ಸ್‌ಎಂಪಿಪಿ ಕಡೆಯವನು. 1999ರಲ್ಲಿ ಜಾಬರ್ ಅನ್ನೋ ಹೆಸರಿನಲ್ಲಿ ಶುರುವಾದ ಪದ್ಧತಿ. ಇಮೇಲ್ ಥರ, ನಿಮ್ಮ ಖಾತೆ ಒಂದು ಸರ್ವರಿನಲ್ಲಿ, ನನ್ನ ಖಾತೆ ಇನ್ನೊಂದರಲ್ಲಿ, ಆದರೂ ಮಾತಾಡಬಹುದು. ಫೋನ್ ನಂಬರ್ ಕೇಳಲ್ಲ. ಆಂಡ್ರಾಯ್ಡ್‌ಗೆ ಕಾನ್ವರ್ಸೇಷನ್ಸ್ ಅನ್ನೋ ಆಪ್ ಇದೆ, ಪುಕ್ಕಟೆ ಆಪ್ ಸಿಗೋ ಅಂಗಡಿ ಎಫ್-ಡ್ರಾಯ್ಡ್‌ನಲ್ಲಿ ಪುಕ್ಕಟೆ. ಬಹಳ ಹಗುರ. ಒಮೆಮೊ ಅಂತ ಬೀಗ ಇದೆ, ಗ್ರೂಪಿಗೂ ಆಗುತ್ತೆ.

ಇದೇ ಥರ ಬೇರೆ ಬೇರೆ ಸರ್ವರ್ ಇರೋ ಇನ್ನೊಂದು ಪದ್ಧತಿ ಮ್ಯಾಟ್ರಿಕ್ಸ್. 2014ರಲ್ಲಿ ಬಂದಿದ್ದು. ಫ್ರಾನ್ಸ್ ಸರ್ಕಾರ ತನ್ನ ನೌಕರರಿಗೆ ಮಾಡಿಕೊಂಡ ಚಾಪ್ ಆಪ್ ಇದರ ಮೇಲೇ ನಿಂತಿದೆ. ಆದರೆ ಹಳೇ ಫೋನಿಗೆ ಭಾರ. ಬೀಗದ ಕೈ ಬರೆದಿಟ್ಟುಕೊಳ್ಳದೆ ಲಾಗ್‌ಔಟ್ ಆದರೆ ಹಳೇ ಮೆಸೇಜ್ ತೆರೆಯಲ್ಲ. ಒಂದು ಮಾತು ಗಮನದಲ್ಲಿರಲಿ: 2023ರ ಮೇನಲ್ಲಿ ಕೇಂದ್ರ ಸರ್ಕಾರ 14 ಆಪ್‌ಗಳನ್ನು ತಡೆದಾಗ ಆ ಪಟ್ಟಿಯಲ್ಲಿ ಮ್ಯಾಟ್ರಿಕ್ಸ್‌ನ ಎಲಿಮೆಂಟ್ ಆಪ್ ಇತ್ತು, ಬ್ರಯಾರ್ ಅನ್ನೋ ಇನ್ನೊಂದು ಮೆಸೇಜ್ ಆಪ್ ಕೂಡ ಇತ್ತು.

ಬೇಕಿದ್ದರೆ ನನ್ನ ಸರ್ವರಿನಲ್ಲೇ ಎಂಟು ಖಾತೆ ಮಾಡಿಕೊಡುತ್ತೇನೆ. ಮನೆಯಲ್ಲೇ ಹಳೇ ಕಂಪ್ಯೂಟರಿನಲ್ಲಿ ಆರು ವರ್ಷದಿಂದ ನಡೆಸುತ್ತಿದ್ದೇನೆ. ದುಡ್ಡು ಬೇಡ.

ಚೌಕಿಪೇಟೆ ಟೈಲರಮ್ಮ

ಇಬ್ಬರಿಗೂ ಥ್ಯಾಂಕ್ಸ್. ಅಣ್ಣಾ, ನಿಮ್ಮ ಮನಸ್ಸು ದೊಡ್ಡದು. ಆದರೂ ಒಂದು ಕೇಳ್ತೀನಿ, ಸಿಟ್ಟು ಮಾಡ್ಕೋಬೇಡಿ.

ನಮ್ಮಪ್ಪ ಇಲ್ಲಿ ಕಾಟನ್ ಮಿಲ್ಲಿನಲ್ಲಿದ್ದರು. ಮಿಲ್ ಮುಚ್ಚಿದಾಗ ನಮ್ಮ ಬೀದಿ ಪೂರ್ತಿ ಒಂದೇ ದಿನಕ್ಕೆ ಕೂತುಬಿಟ್ಟಿತು. ಕಿರಾಣಿ ಅಂಗಡಿಯವರಿಂದ ಹಿಡಿದು ಚಹಾದವರ ತನಕ. ಮಂಡಕ್ಕಿ ಭಟ್ಟಿ ಹಾಗಲ್ಲ ನೋಡಿ. ಅವು ನೂರಾರಿವೆ. ಒಂದು ಭಟ್ಟಿ ಬೆಂಕಿ ಹಚ್ಚದಿದ್ದರೂ ಸಂಜೆ ಊರಲ್ಲಿ ಮಂಡಕ್ಕಿ ಮೆಣಸಿನಕಾಯಿ ನಿಲ್ಲಲ್ಲ. ನೀವು ಹೇಳೋ ಬೇರೆ ಬೇರೆ ಸರ್ವರ್ ಅಂದ್ರೆ ಈ ಭಟ್ಟಿ ಲೆಕ್ಕ ಅಂತ ನಾನು ಅರ್ಥ ಮಾಡಿಕೊಂಡೆ.

ಆದರೆ ನನ್ನ ಖಾತೆ ಇರೋ ಭಟ್ಟಿಯೇ ಮುಚ್ಚಿದರೆ? ಊರಿಗೆ ಮಂಡಕ್ಕಿ ಸಿಗುತ್ತೆ, ನನಗೆ ಬರಬೇಕಾದ ಚೀಲ ಬರಲ್ಲ. ಆ ಸೋಮವಾರ ಆಗಿದ್ದು ಅದೇ ತಾನೇ? ನಿಮ್ಮ ಮನೆ ಕರೆಂಟ್ ಹೋದರೆ ಏನು? ನೀವು ಮಗಳ ಮನೆಗೆ ಅಂತ ಎರಡು ತಿಂಗಳು ಹೋದರೆ ಯಾರು ನೋಡ್ಕೋತಾರೆ?

ಕೋಟೆ ಕಲ್ಲು

ಸಿಟ್ಟು ಯಾಕೆ, ಸರಿಯಾದ ಜಾಗಕ್ಕೇ ಸೂಜಿ ಚುಚ್ಚಿದಿರಿ.

ಕರೆಂಟ್ ಹೋದರೆ ಯುಪಿಎಸ್ ಎರಡು ಗಂಟೆ ತಡೆಯುತ್ತೆ. ಬೇಸಿಗೆಯಲ್ಲಿ ಅದೂ ಸಾಲಲ್ಲ. ನಾನು ಊರಲ್ಲಿಲ್ಲದಾಗ ಕೆಟ್ಟರೆ ಕೆಟ್ಟಂತೆಯೇ ಇರುತ್ತೆ. ಹೋದ ವರ್ಷ ಮಗಳ ಬಾಣಂತನಕ್ಕೆ ಹೋದಾಗ ಒಂಬತ್ತು ದಿನ ಹಾಗೇ ಇತ್ತು. ನಾನು ಬಳಸೋದು ತಮ್ಮಂದಿರ ಜೊತೆ ಹರಟೆಗೆ, ಒಂಬತ್ತು ದಿನ ಯಾರೂ ಕೇಳಲಿಲ್ಲ. ನಿಮ್ಮದು ಹೊಟ್ಟೆಪಾಡು. ನನ್ನ ಸರ್ವರ್ ಬೇಡ ಬಿಡಿ. ದೊಡ್ಡ ಸಾರ್ವಜನಿಕ ಸರ್ವರ್ ಹಿಡಿಯಿರಿ. ಅವೂ ಕೆಡುತ್ತವೆ. 2025ರ ಸೆಪ್ಟೆಂಬರ್‌ನಲ್ಲಿ ಮ್ಯಾಟ್ರಿಕ್ಸ್‌ನವರ ಮುಖ್ಯ ಸರ್ವರ್ ಹೆಚ್ಚುಕಡಿಮೆ ಒಂದು ದಿನ ನಿಂತಿತ್ತು. ಬೇರೆ ಸರ್ವರಿನವರಿಗೆ ಏನೂ ಆಗಲಿಲ್ಲ ಅನ್ನೋದು ನಿಜ, ಆದರೆ ಅದರಲ್ಲೇ ಖಾತೆ ಇದ್ದವರು ಕಾಯಲೇಬೇಕಾಯಿತು.

ಹರಿಹರ ಲೋಕಲ್

ಏಳು ಜನಕ್ಕೆ ಇಷ್ಟೆಲ್ಲಾ ಬೇಕೇನ್ರೀ?

ಆಪ್ ಯಾವುದೇ ಹಾಕಿ, ಆ ಏಳು ಜನರಲ್ಲಿ ಒಬ್ಬರ ಫೋನು ಮನೆಯಲ್ಲಿ ಮಕ್ಕಳ ಕೈಗೆ ಹೋಗುತ್ತೆ. ಅಲ್ಲಿ ಬೀಗ ಎಲ್ಲಿಂದ ಬಂತು? ನನ್ನ ಹೆಂಡತಿಯೂ ಹೊಲಿಯುತ್ತಾಳೆ. ಅವಳ ಅಳತೆ ಪುಸ್ತಕದಲ್ಲಿ ಹೆಸರೇ ಇರಲ್ಲ. ಬಿಲ್ ನಂಬರ್ ಅಷ್ಟೇ. 412 ಅಂದರೆ 412. ಎದೆ 36, ತೋಳು 10, ಯಾರದು ಅಂತ ಬಿಲ್ ಬುಕ್ ಇಟ್ಟುಕೊಂಡವಳಿಗೆ ಮಾತ್ರ ಗೊತ್ತು. ಫೋಟೋ ತೆಗೆಯಲೇಬೇಕಾದರೆ ಬ್ಲೌಸನ್ನು ಹ್ಯಾಂಗರಿಗೆ ಹಾಕಿ ತೆಗೀರಿ. ಎಲ್ಲಿ ಬಿಗಿಯೋ ಅಲ್ಲಿ ಒಂದು ಗುಂಡುಪಿನ್ನು ಚುಚ್ಚಿ.

ಚೌಕಿಪೇಟೆ ಟೈಲರಮ್ಮ

ಹರಿಹರದವರೇ, ಇದು 19 ವರ್ಷದಲ್ಲಿ ನನಗೆ ಹೊಳೆಯಲಿಲ್ಲವಲ್ಲ! ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ಹೇಳಿ. ಇವತ್ತಿಂದಲೇ ಬಿಲ್ ನಂಬರ್. ಗಿರಾಕಿ ಮೈಮೇಲಿನ ಫೋಟೋ ಅಂತೂ ಬಂದ್.

ಆದರೂ ಆಪ್ ಬೇಕು. ದಿನಕ್ಕೆ ಮೂವತ್ತು ಸಲ ಫೋನ್ ಮಾಡೋಕೆ ಆಗಲ್ಲ, ಕೈಯಲ್ಲಿ ಕತ್ತರಿ ಇರುತ್ತೆ.

ಅಡಿಕೆ ಖೇಣಿ, ಚನ್ನಗಿರಿ

ಅಕ್ಕಾರೆ, ನಾನು ಡೆಲ್ಟಾ ಚಾಟ್ ಬಳಸೋದು. ಯಾರೂ ಇದರ ಹೆಸರೇ ಎತ್ತಲಿಲ್ಲ, ಅದಕ್ಕೆ ಬರೀತಿದ್ದೀನಿ.

ನಾವು ಖೇಣಿ ಹಿಡಿಯೋರು, ಅಂದ್ರೆ ಅಡಿಕೆ ತೋಟದ ಫಸಲನ್ನು ಗುತ್ತಿಗೆಗೆ ಹಿಡಿಯೋರು. ಯಾವ ತೋಟಕ್ಕೆ ಎಷ್ಟು ರೇಟು ಕೂಗಿದೆವು ಅನ್ನೋದು ಇನ್ನೊಬ್ಬರ ಕಿವಿಗೆ ಬಿದ್ದರೆ ಕಥೆ ಮುಗೀತು. ತೋಟದೊಳಗೆ ನೆಟ್‌ವರ್ಕ್ ಒಂದು ಕಡ್ಡಿ ಇದ್ದರೆ ಹೆಚ್ಚು. ಹಾಗಾಗಿ ಬಹಳ ಆಪ್ ಹಾಕಿ ತೆಗೆದು ನೋಡಿದ್ದೀನಿ.

ಡೆಲ್ಟಾ ಚಾಟ್ ಒಳಗೊಳಗೆ ಇಮೇಲೇ. ನೋಡೋಕೆ ಮಾತ್ರ ಮಾಮೂಲಿ ಚಾಟ್ ಥರ. ಫೋನ್ ನಂಬರ್ ಬೇಡ, ಇರೋ ಇಮೇಲ್ ಕೊಡಲೇಬೇಕು ಅಂತಲೂ ಇಲ್ಲ. ಚಾಟ್‌ಮೇಲ್ ಅಂತ ಇದಕ್ಕೇ ಮಾಡಿದ ಸರ್ವರ್‌ಗಳಿವೆ, ಬೇರೆ ಬೇರೆಯವರು ನಡೆಸುತ್ತಾರೆ. ಆಪ್ ತೆಗೆದು ನಿಮ್ಮ ಹೆಸರು ಹಾಕಿದರೆ ಒಂದು ವಿಳಾಸ ತಾನೇ ಸಿಗುತ್ತೆ. ಆ ಹೆಸರು 'ಕುಚ್ಚು' ಅಂತ ಇದ್ದರೂ ನಡೆಯುತ್ತೆ. ಒಬ್ಬರ ಕ್ಯೂಆರ್ ಇನ್ನೊಬ್ಬರು ಸ್ಕ್ಯಾನ್ ಮಾಡಿದರೆ ಸಂಪರ್ಕವೂ ಆಯಿತು, ಬೀಗವೂ ಬಿತ್ತು. ಗ್ರೂಪಿಗೂ ಬೀಗ ಇದೆ. ಧ್ವನಿ ಕಳಿಸಬಹುದು. ನೆಟ್‌ವರ್ಕ್ ಇಲ್ಲದಾಗ ಒತ್ತಿದ್ದು ಬಂದ ಮೇಲೆ ತಾನೇ ಹೋಗುತ್ತೆ.

ತೊಂದರೆ ಹೇಳ್ತೀನಿ ಕೇಳಿ. ಒಂದು, ಗ್ರೂಪಿಗೆ ಅಡ್ಮಿನ್ ಅನ್ನೋರು ಇಲ್ಲ. ಒಳಗಿರೋ ಯಾರು ಬೇಕಾದರೂ ಯಾರನ್ನಾದರೂ ಸೇರಿಸಬಹುದು, ತೆಗೆಯಬಹುದು. ನಂಬಿಕೆ ಇರೋ ಗುಂಪಿಗೆ ಮಾತ್ರ ಸರಿ. ಎರಡು, ಮೆಸೇಜ್ ಎಲ್ಲ ನಿಮ್ಮ ಫೋನಿನಲ್ಲೇ ಇರುತ್ತೆ, ಸರ್ವರಿನಲ್ಲಿ ಹಳೇದು ಉಳಿಯಲ್ಲ. ಫೋನ್ ಹೋದರೆ ಹೋಯಿತು. ಅದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ಮಾಡಿ, ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ. ಇಲ್ಲ ಅಂಗಡಿಯಲ್ಲಿ ಕಂಪ್ಯೂಟರ್ ಇದ್ದರೆ ಅದನ್ನೇ ಎರಡನೇ ಸಾಧನ ಅಂತ ಸೇರಿಸಿ. ನಿಮ್ಮ ಸೋಮವಾರ ಮತ್ತೆ ಬಂದರೂ ಇಲ್ಲಿ ಹಳೇ ಅಳತೆ ನಿಮ್ಮ ಫೋನಿನಲ್ಲೇ ಓದೋಕೆ ಸಿಗುತ್ತೆ. ಬೇರೆ ಸರ್ವರಿನಲ್ಲಿ ಹೊಸ ವಿಳಾಸ ಮಾಡಿಕೊಂಡು ಮತ್ತೆ ಸ್ಕ್ಯಾನ್ ಮಾಡಬೇಕು, ಅಷ್ಟು ಕೆಲಸ.

ಸಿಂಪ್ಲೆಕ್ಸ್ ಅಂತ ಒಂದಿದೆ, ಅದರಲ್ಲಿ ಬಳಸುವವರಿಗೆ ವಿಳಾಸವೇ ಇಲ್ಲ, ಬರೀ ಆಮಂತ್ರಣದ ಲಿಂಕು. ಗುಟ್ಟಿಗೆ ಅದು ಇನ್ನೂ ಒಂದು ಕೈ ಮೇಲು. ಆದರೆ ನಮ್ಮ ತೂಕ ಹಾಕೋ ಹುಡುಗರಿಗೆ ಹೇಳಿಕೊಡೋಕೆ ಹೋಗಿ ನಾನೇ ಸೋತೆ. ಬ್ರಯಾರ್ ನೆಟ್ ಇಲ್ಲದೇನೂ ಬ್ಲೂಟೂತ್ ಮೇಲೆ ಹೋಗುತ್ತೆ, ಸರಿ. ಅದು ಒಂದೇ ಕೋಣೆಯಲ್ಲಿ, ಪಕ್ಕದ ಮನೆಯಲ್ಲಿ ಇರೋರಿಗೆ. ಆವರಗೆರೆಯಿಂದ ಚೌಕಿಪೇಟೆಗೆ ಬ್ಲೂಟೂತ್ ಮುಟ್ಟಲ್ಲ. ನೆಟ್ ಮೇಲೆ ಹೋಗಬೇಕಾದರೆ ಇಬ್ಬರೂ ಒಂದೇ ಹೊತ್ತಿಗೆ ಆನ್‌ಲೈನ್ ಇರಬೇಕು, ಇಲ್ಲ ಮೇಲ್‌ಬಾಕ್ಸ್ ಅಂತ ಇನ್ನೊಂದು ಫೋನ್ ಸದಾ ಆನ್ ಇಡಬೇಕು.

ಬೆಣ್ಣೆ ಖಾಲಿ

ಅಡಿಕೆ ಅಣ್ಣ, ನಾಳೆ ಅಕ್ಕನ ಗಿರಾಕಿ ಯಾರು ಡೆಲ್ಟಾ ಚಾಟ್ ಹಾಕ್ಕೋತಾರೆ? ಒಬ್ಬರೂ ಹಾಕ್ಕೊಳ್ಳಲ್ಲ.

ಅಡಿಕೆ ಖೇಣಿ

ಗಿರಾಕಿ ಯಾಕೆ ಹಾಕ್ಕೋಬೇಕು? ಗಿರಾಕಿಯನ್ನು ಒಳಗೆ ಬಿಟ್ಟಿದ್ದಕ್ಕೇ ಅಲ್ವಾ ಇಷ್ಟೆಲ್ಲ ಆಗಿದ್ದು.

ಚೌಕಿಪೇಟೆ ಟೈಲರಮ್ಮ (ಮೂರು ವಾರದ ಮೇಲೆ)

ಹೇಳಿ ಹೋಗಬೇಕು ಅನ್ನಿಸಿತು, ಅದಕ್ಕೆ ಬಂದೆ.

ಮೊದಲು ಸಿಗ್ನಲ್ ಹಾಕಬೇಕು ಅಂತಲೇ ಇದ್ದೆ. ಆದರೆ ಏಳು ಜನರಲ್ಲಿ ಇಬ್ಬರ ಫೋನಿನಲ್ಲಿರೋ ಸಿಮ್ಮು ಅವರ ಗಂಡನ ಹೆಸರಿನದು, ಒಂದು ಮಗನದು. ಓಟಿಪಿ ಬಂದಾಗಲೆಲ್ಲ 'ಯಾವುದಕ್ಕೆ, ಯಾಕೆ' ಅಂತ ಮನೆಯಲ್ಲಿ ಪಂಚಾಯ್ತಿ. ನಂಬರೇ ಕೇಳದ್ದು ಬೇಕು ಅಂತ ಡೆಲ್ಟಾ ಚಾಟ್‌ಗೆ ಬಂದೆ.

ಭಾನುವಾರ ಎಲ್ಲರನ್ನೂ ಅಂಗಡಿಗೆ ಕರೆದೆ. ಬೆಣ್ಣೆ ದೋಸೆ ಕಟ್ಟಿಸಿ ತರಿಸಿದ್ದೆ, ಇಲ್ಲಾಂದ್ರೆ ಯಾರು ಬರ್ತಾರೆ. ಕೈಗೆಲ್ಲ ಬೆಣ್ಣೆ, ಫೋನಿನ ಮೇಲೆ ಬೆರಳೇ ನಿಲ್ಲುತ್ತಿರಲಿಲ್ಲ. ಕ್ಯೂಆರ್ ಅಂದ ಕೂಡಲೇ ಆವರಗೆರೆ ಅಕ್ಕ 'ದುಡ್ಡು ಕಟ್ ಆಗುತ್ತಾ' ಅಂತ ಫೋನ್ ಹಿಂದಕ್ಕೆ ಎಳೆದುಕೊಂಡರು. ಇಲ್ಲ ಅಂತ ನಂಬಿಸೋಕೆ ಹತ್ತು ನಿಮಿಷ. ಹೆಸರು ಮಾತ್ರ ಎಲ್ಲರೂ ಖುಷಿಯಿಂದ ಇಟ್ಟುಕೊಂಡರು: ಕುಚ್ಚು, ಹುಕ್ಕು, ಫಾಲು, ಕಾಜಾ. ಭಾಷಾನಗರದ ಆಪಾ 'ರೇಷ್ಮೆ' ಅಂತ. ನಿಟುವಳ್ಳಿ ಹುಡುಗಿ ಒಬ್ಬಳು ಹೆಸರೇ ಬೇಡ ಅಂದಳು, ಒಂದು ಚುಕ್ಕಿ ಇಟ್ಟುಕೊಂಡಿದ್ದಾಳೆ. ಒತ್ತಾಯ ಮಾಡಲಿಲ್ಲ.

ಮೊದಲ ನಾಲ್ಕು ದಿನ ಮಾತ್ರ ಸಾಕು ಸಾಕಾಯಿತು. ಮೆಸೇಜ್ ಹೋಗುತ್ತೆ, ಆದರೆ ಆ ಕಡೆ ಸದ್ದೇ ಆಗಲ್ಲ. ಅಕ್ಕನ ಮಗ ಬಂದು ನೋಡಿದರೆ ಫೋನೇ ಬ್ಯಾಟರಿ ಉಳಿಸೋಕೆ ಆಪನ್ನು ಮಲಗಿಸುತ್ತಿತ್ತು. ಐದು ಫೋನಿನಲ್ಲಿ ಬ್ಯಾಟರಿ ಸೆಟ್ಟಿಂಗ್‌ಗೆ ಹೋಗಿ 'ನಿರ್ಬಂಧ ಇಲ್ಲ' ಅಂತ ಮಾಡಿದ ಮೇಲೆ ಟಿಣ್ ಅನ್ನೋಕೆ ಶುರುವಾಯಿತು. ಹೊಸದಾಗಿ ಹಾಕುವವರು ಇದನ್ನು ಮೊದಲೇ ಮಾಡಿಕೊಳ್ಳಿ.

ಅಡ್ಮಿನ್ ಇಲ್ಲ ಅನ್ನೋ ಮಾತು ನಿಜ ಆಯಿತು. ಎರಡನೇ ವಾರ 'ಕಾಜಾ' ಅಕ್ಕ ಏನೋ ಒತ್ತಲು ಹೋಗಿ ನನ್ನನ್ನೇ ಗ್ರೂಪಿನಿಂದ ತೆಗೆದುಬಿಟ್ಟರು! ಅರ್ಧ ದಿನ ಗಲಾಟೆ ಇಲ್ಲದೆ ಕಟಿಂಗ್ ಚೆನ್ನಾಗಿ ಸಾಗಿತು. ಸಂಜೆ ಹರಿಹರದವರು ಬಂದು 'ಯಾಕಕ್ಕಾ, ಮಾತು ಬಿಟ್ಟಿದ್ದೀರಾ' ಅಂದಾಗಲೇ ಗೊತ್ತಾಗಿದ್ದು. ಅವರೇ ಮತ್ತೆ ಸೇರಿಸಿದರು.

ಮೆಸೇಜ್ ಒಂದು ವಾರಕ್ಕೆ ತಾನೇ ಅಳಿಯೋ ಹಾಗೆ ಇಟ್ಟಿದ್ದೇನೆ. ಪುಸ್ತಕದಲ್ಲಿ ಇದ್ದೇ ಇರುತ್ತೆ. ಬಿಲ್ ನಂಬರ್ ಮಾತ್ರ, ಬ್ಲೌಸ್ ಹ್ಯಾಂಗರಿಗೆ, ಗುಂಡುಪಿನ್ನು. ಗಿರಾಕಿಗಳಿಗೆ ಮೊದಲು ಗ್ರೂಪ್ ಮಾಡಿದ್ದ ಹಳೇ ಆಪೇ ಇರಲಿ ಅಂತ ಅಂಗಡಿಗೆ ಬೇರೆ ಸಿಮ್ ತಂದೆ. ಗ್ರೂಪ್ ಇಲ್ಲ, ಒಬ್ಬೊಬ್ಬರ ಹತ್ತಿರ ನಾನೇ ಮಾತು.

ಆವರಗೆರೆಯ ಒಬ್ಬರು ಮಾತ್ರ ಆಪ್ ಬೇಡವೇ ಬೇಡ ಅಂದರು. ಅವರದ್ದು ಬಟನ್ ಫೋನ್. ಅವರಿಗೆ ಮಾಮೂಲಿ ಹಾಗೆ ಸಂಜೆ ಏಳಕ್ಕೆ ಫೋನ್ ಮಾಡಿ ಓದಿ ಹೇಳ್ತೀನಿ. ಅವರ ಹೆಮ್ಮಿಂಗ್‌ನಷ್ಟು ನೀಟು ಇನ್ಯಾರದ್ದೂ ಇಲ್ಲ, ಏನು ಮಾಡೋದು.

ಕೋಟೆ ಕಲ್ಲು

ಬಹಳ ಸಂತೋಷ ತಂಗಿ. ನನ್ನ ಸರ್ವರ್ ಬಿಟ್ಟಿದ್ದಕ್ಕೆ ಬೇಜಾರಿಲ್ಲ. ನನ್ನ ಮನೆಯವರು ಇದನ್ನೆಲ್ಲ ಓದಿ, ಅವರ ಮಂಗಳಗಿರಿ ಸೀರೆಗೆ ನೀವೇ ಬ್ಲೌಸ್ ಹೊಲಿದುಕೊಡಬೇಕು ಅಂತ ಹಟ ಹಿಡಿದಿದ್ದಾರೆ. ಅಳತೆ ಫೋಟೋ ಎಲ್ಲಿಗೆ ಕಳಿಸಲಿ?

ಚೌಕಿಪೇಟೆ ಟೈಲರಮ್ಮ

ಫೋಟೋ ಬೇಡ ಅಣ್ಣಾ. ಅವರಿಗೆ ಸರಿಯಾಗಿ ಕೂರೋ ಅಳತೆ ಬ್ಲೌಸ್ ಒಂದನ್ನ ಬಟ್ಟೆ ಜೊತೆ ಕವರಿಗೆ ಹಾಕಿ, ದಾವಣಗೆರೆಗೆ ಬರೋರು ಯಾರಾದರೂ ಇದ್ದರೆ ಕೊಟ್ಟು ಕಳಿಸಿ. ಬಿಲ್ ನಂಬರ್ 438.